ಬಾಯಿಮಾತಿನ ವ್ಯಾಪಾರ

ಊರು ಬಿಟ್ಟು ಬಂದವರಿಗೆ ವ್ಯಾಪಾರ ತೆರೆಯುವುದು ಅಷ್ಟೇನೂ ಕಷ್ಟವಲ್ಲ. ಗಿರಾಕಿಯನ್ನು ಸಂಪಾದಿಸುವುದು ಕಷ್ಟ. ಹುಟ್ಟಿದೂರಿನಲ್ಲಾದರೆ “ಇಂಥವರ ಮನೆಯವರು” ಎಂಬ ಮಾತೇ ಅರ್ಧ ಬಂಡವಾಳ. ತಾಂಬರದಲ್ಲಿ ನಮ್ಮ ತಂದೆತಾತಂದಿರು ಯಾರೆಂದು ಯಾರಿಗೂ ತಿಳಿಯದು. ನಮ್ಮನ್ನು ಬಲ್ಲವರೊಬ್ಬರು ಇನ್ನೊಬ್ಬರಿಗೆ ಹೇಳಬೇಕು. ಆಗಲೇ ಬಾಗಿಲು ತೆರೆಯುವುದು.

ಈ ಬಾಯಿಮಾತನ್ನೇ ಕ್ರಮಬದ್ಧವಾಗಿ ನಡೆಸುವ ಕೂಟಗಳು ಈಗ ನಮ್ಮ ನಗರಗಳಲ್ಲಿ ಹಬ್ಬಿವೆ. ಅವನ್ನು ಸೇರಬಹುದೇ, ಹಣ ದಂಡವೇ ಎಂದು ಸಂಘದ ಬಂಧುಗಳು ಕೇಳುವುದುಂಟು. ನಾವು ಕಂಡು ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ವಿಚಾರ ಹೊಸದಲ್ಲ. ಸಣ್ಣ ಊರಿನಲ್ಲಿ ಬೆಳೆದು ಷಿಕಾಗೋ ಮಹಾನಗರಕ್ಕೆ ಬಂದ ಪಾಲ್ ಹ್ಯಾರಿಸ್ ಎಂಬ ವಕೀಲರು 1905ರ ಫೆಬ್ರವರಿ 23ರಂದು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರು, ಒಬ್ಬ ದರ್ಜಿ, ಈ ಮೂವರೊಡನೆ ಸೇರಿ ರೋಟರಿ ಕ್ಲಬ್ಬನ್ನು ಆರಂಭಿಸಿದರು. ಒಂದು ವೃತ್ತಿಗೆ ಒಬ್ಬನೇ ಸದಸ್ಯನೆಂಬುದು ನಿಯಮ. ಪರಸ್ಪರ ವ್ಯಾಪಾರ ಕೊಡುವುದೂ ಮೊದಲಿನ ಉದ್ದೇಶಗಳಲ್ಲೊಂದು. ಮದರಾಸಿಗೆ ಅದು ಬಂದದ್ದು 1929ರಲ್ಲಿ. ಕ್ರಮೇಣ ರೋಟರಿ ಸೇವೆಯ ಕಡೆ ತಿರುಗಿತು. ವ್ಯಾಪಾರದ ಎಳೆಯನ್ನು 1985ರಲ್ಲಿ ಕ್ಯಾಲಿಫೋರ್ನಿಯಾದ ಐವನ್ ಮಿಸ್ನರ್ ಎಂಬುವರು ಹಿಡಿದು ಬಿ.ಎನ್.ಐ. ಎಂಬ ಕೂಟವನ್ನು ಕಟ್ಟಿದರು. ಇಂದು 70ಕ್ಕೂ ಹೆಚ್ಚು ದೇಶಗಳಲ್ಲಿ ಅದರ ಶಾಖೆಗಳಿವೆ. ಅದೇ ಮಾದರಿಯ ಬೇರೆ ಕೂಟಗಳೂ ಇವೆ.

ನಡೆಯುವ ಬಗೆ ಹೀಗೆ. ವಾರಕ್ಕೊಮ್ಮೆ, ಸಾಮಾನ್ಯವಾಗಿ ಬೆಳಗಿನ ಹೊತ್ತು, ಸಭೆ. ಒಂದು ಶಾಖೆಯಲ್ಲಿ ಒಂದು ವೃತ್ತಿಗೆ ಒಬ್ಬರೇ. ಬಣ್ಣದ ಕೆಲಸದವರು ಒಬ್ಬರಿದ್ದರೆ ಇನ್ನೊಬ್ಬರಿಗೆ ಜಾಗವಿಲ್ಲ. ಪ್ರತಿಯೊಬ್ಬರೂ ಸುಮಾರು ಒಂದು ನಿಮಿಷದಲ್ಲಿ ತಮ್ಮ ಕಸುಬನ್ನೂ ತಮಗೆ ಬೇಕಾದ ಗಿರಾಕಿ ಎಂಥವನೆಂಬುದನ್ನೂ ಹೇಳುತ್ತಾರೆ. ಬಳಿಕ, ಯಾರಿಗೆ ಯಾರ ಕೆಲಸ ಬೇಕಾಗಿದೆ ಎಂಬ ರೆಫರಲನ್ನು ಕೊಡುತ್ತಾರೆ. ಕೊಟ್ಟದ್ದರ, ಅದರಿಂದ ಬಂದ ವ್ಯಾಪಾರದ ಲೆಕ್ಕವೂ ಇರುತ್ತದೆ. ಮೊದಲು ಕೊಡು, ಆಮೇಲೆ ಪಡೆ ಎಂಬುದು ಅವರ ತತ್ತ್ವ.

ನಮ್ಮವರಿಗೆ ಇದು ತಿಳಿಯದ ವಿದ್ಯೆಯೇನಲ್ಲ. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು ಇಲ್ಲಿಯ ಹೋಟೆಲುಗಳಲ್ಲಿ ದುಡಿದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಉಡುಪಿ ಹೋಟೆಲುಗಳಲ್ಲಿ ಊರಿನಿಂದ ಬಂದ ಹುಡುಗನಿಗೆ ಕೆಲಸ ಸಿಗುತ್ತಿದ್ದುದು ಬಹುಮಟ್ಟಿಗೆ ಪರಿಚಿತರ ಒಂದು ಮಾತಿನಿಂದ. ಹುಡುಗ ಕೆಟ್ಟರೆ ಹೇಳಿದವರ ಮುಖಕ್ಕೆ ಮಸಿ. ಆದ್ದರಿಂದ ಯೋಚಿಸಿ ಹೇಳುತ್ತಿದ್ದರು.

ಇನ್ನು ನಮ್ಮ ಸಂಗತಿ. ನಮ್ಮ ಮನೆಯವರು ಹುಳಿಪುಡಿ, ಚಟ್ನಿಪುಡಿ, ಹಪ್ಪಳ ಮಾಡಿ ಮಾರುತ್ತಾರೆ. ಗಿರಾಕಿಗಳೆಲ್ಲ ಸಂಘದ ಬಂಧುಗಳು, ಅಕ್ಕಪಕ್ಕದವರು. ನಾವೋ ಕೇಂದ್ರ ಸರ್ಕಾರದ ಕಛೇರಿಯ ಗುಮಾಸ್ತರು. 1964ರ ನಡತೆ ನಿಯಮಗಳಲ್ಲಿ 15ನೆಯದರ ಪ್ರಕಾರ ಮನೆಯವರ ವ್ಯಾಪಾರವನ್ನು ಕಛೇರಿಗೆ ತಿಳಿಸಬೇಕು, ತಿಳಿಸಿದ್ದೇವೆ. ಆದರೆ ಮೇಜುಮೇಜಿಗೂ ಹೋಗಿ ಮನೆಯ ಪುಡಿಯನ್ನು ಹೊಗಳುವುದು ನಮಗೆ ತಕ್ಕದ್ದಲ್ಲ. ಹೀಗಾಗಿ ಅವರೇ ತಮ್ಮ ಹೆಸರಿನಲ್ಲಿ ಹೊರಡಬೇಕಾಯಿತು.

ಇಲ್ಲಿಯ ಒಂದು ಕೂಟಕ್ಕೆ ಎರಡು ಸಲ ಅತಿಥಿಯಾಗಿ ಹೋಗಿಬಂದರು. ಅವರು “ಪುಡಿ” ಎಂದಾಗ ತಮಿಳರು “ಹಿಡಿ” ಎಂದು ತಿಳಿದು ನಕ್ಕರಂತೆ. ಆ ನಗುವಿನಿಂದಲೇ ಪರಿಚಯವಾಯಿತು. ಮನೆಗೆ ಬಂದು ಲೆಕ್ಕ ಹಾಕಿದೆವು. ವರ್ಷದ ಚಂದಾ ನಮ್ಮ ಮೂರು ತಿಂಗಳ ಲಾಭಕ್ಕೆ ಸಮ. ವಾರಕ್ಕೆ ಒಂದೂವರೆ ಗಂಟೆಯಂತೆ 52 ವಾರಕ್ಕೆ 78 ಗಂಟೆ. ತಿಂಡಿಯ ಖರ್ಚು ಬೇರೆ. ಮಕ್ಕಳ ಶಾಲೆಯ ಫೀಜು ಎದುರಿಗಿರುವಾಗ ಇದು ಸಣ್ಣ ಮಾತಲ್ಲ. ಎರಡು ರಾತ್ರಿ ಚರ್ಚಿಸಿ, ಒಂದು ವರ್ಷ ನೋಡೋಣವೆಂದು ಸೇರಿದರು. ಸಭೆಯ ದಿನ ಮಕ್ಕಳ ಡಬ್ಬಿಗೆ ಉಪ್ಪಿಟ್ಟು ಮಾಡುವ ಕೆಲಸ ನಮ್ಮದಾಯಿತು.

ಮೊದಲ ಎರಡು ತಿಂಗಳು ಒಂದು ಪೊಟ್ಟಣವೂ ಹೆಚ್ಚಾಗಿ ಹೋಗಲಿಲ್ಲ. ಬಣ್ಣದ ಕೆಲಸದ ಸದಸ್ಯರೊಬ್ಬರು, ನಿಮ್ಮ ನೆರೆಯವರಿಗೆ ನನ್ನ ಹೆಸರು ಹೇಳಿ ಎಂದು ಕೇಳಿದರು. ಕೊಟ್ಟದ್ದರ ಲೆಕ್ಕದಲ್ಲಿ ತಮ್ಮ ಹೆಸರಿನ ಮುಂದೆ ಸೊನ್ನೆ ಇದ್ದರೂ ನಮ್ಮ ಮನೆಯವರು ಒಪ್ಪಲಿಲ್ಲ. “ಅಣ್ಣಾ, ಮೊದಲು ನಮ್ಮ ಒಂದು ಕೋಣೆಗೆ ಬಣ್ಣ ಹೊಡೆಯಿರಿ. ಕೆಲಸ ನೋಡಿ ಹೇಳುತ್ತೇನೆ” ಎಂದರು. ಕೆಲಸ ಚೊಕ್ಕಟವಾಗಿತ್ತು, ಎರಡು ಮನೆಗೆ ಹೇಳಿದರು. ತಿಂಗಳು ಕಳೆದ ಮೇಲೆ ಅವರೇ ತಾವು ಬಣ್ಣ ಹೊಡೆದ ಅಡುಗೆಮನೆಯ ಕೇಟರಿಂಗ್‌ನವರನ್ನು ಕರೆತಂದರು. ಪೊಟ್ಟಣದ ಮೇಲೆ ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ ಇದೆಯೇ, ರುಚಿ ಪ್ರತಿ ಸಲವೂ ಒಂದೇ ಇರುತ್ತದೆಯೇ ಎಂದು ಅವರು ಕೇಳಿದರು. ಎರಡಕ್ಕೂ ಹೌದೆನ್ನುವಂತಿದ್ದುದರಿಂದ ವ್ಯವಹಾರ ಕುದುರಿತು. ಅವರು ತಿಂಗಳಿಗೆ 20 ಕಿಲೋ ಕೇಳಿದರು. ಕೈಲಾಗುವುದು 10 ಮಾತ್ರವೆಂದು ಇವರು ಹೇಳಿದರು. ಚಂದಾ ಹಣ ವರ್ಷದೊಳಗೆ ಹಿಂದಕ್ಕೆ ಬಂತು.

ಎಲ್ಲರಿಗೂ ಹೀಗೆಯೇ ಆಗುವುದೆಂದು ನಾವು ಹೇಳಲಾರೆವು. ಸೇರಬೇಕೆನ್ನುವವರು ಮೊದಲು ಅತಿಥಿಯಾಗಿ ಹೋಗಿ ನೋಡಲಿ. ತಮ್ಮ ಕಸುಬಿಗೆ ಹತ್ತಿರದವರು ಅಲ್ಲಿದ್ದಾರೆಯೇ ಎಂದು ಗಮನಿಸಲಿ. ಪುಡಿ ಮಾಡುವವರಿಗೆ ಅಡುಗೆಯವರು ಬೇಕು, ಲೆಕ್ಕಪತ್ರದವರಿಗೆ ವಕೀಲರು ಬೇಕು. ವಾರವಾರವೂ ಹೋಗಲಾರದವರು ಸೇರದಿರುವುದೇ ಲೇಸು. ಬಿ.ಎನ್.ಐ.ಯಲ್ಲಿ ಆರು ತಿಂಗಳಿಗೆ ಮೂರು ಸಲಕ್ಕಿಂತ ಹೆಚ್ಚು ತಪ್ಪಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕ ತುಂಬಿಸಲೆಂದು ಕಾಣದ ಕೆಲಸಕ್ಕೆ ಹೆಸರು ಹೇಳಬಾರದು. ಪರಸ್ಥಳದಲ್ಲಿ ನಮಗಿರುವ ಆಸ್ತಿ ಆ ಹೆಸರೊಂದೇ.

ನಮ್ಮ ಸಂಘದಲ್ಲಿಯೂ ಹೊಲಿಗೆಯವರು, ಪಾಠ ಹೇಳುವವರು, ವಿದ್ಯುತ್ ಕೆಲಸದವರು ಇದ್ದಾರೆ. ಪಕ್ಕದ ಬೀದಿಯವರಿಗೇ ಅದು ತಿಳಿದಿಲ್ಲ. ಸಂಘದ ಕೊಠಡಿಯಲ್ಲಿ ಒಂದು ಪುಸ್ತಕವಿಟ್ಟು, ಕೆಲಸ ಮಾಡಿಸಿಕೊಂಡವರೇ ಅದರಲ್ಲಿ ಹೆಸರು ಬರೆಯುವಂತೆ ಏಕೆ ಮಾಡಬಾರದು? ಚಂದಾ ಬೇಡ, ತಿಂಡಿಯೂ ಬೇಡ. ಬಂಧುಗಳು ಮುಂದಿನ ಸಭೆಯಲ್ಲಿ ಇದನ್ನು ಯೋಚಿಸಲಿ.