ಹೊಗೆಗಣ್ಣಿನ ದಾನವನೂ ಐತಿಹ್ಯದ ಅಂಕಣವೂ

ಅದ್ಭುತಕಥೆ ಮತ್ತು ಐತಿಹ್ಯಗಳಿಗೆ ಮೀಸಲಾದ ನಿಯತಕಾಲಿಕವೊಂದನ್ನು ನಡೆಸುವವರಿಗೆ ಸಾಮಗ್ರಿಯ ಕೊರತೆ ಕಾಡುವುದು ಕಡಿಮೆ. ಅವೆರಡರ ವ್ಯತ್ಯಾಸವನ್ನು ಬರವಣಿಗೆಯಲ್ಲಿ ಕಾಪಾಡಿಕೊಳ್ಳುವುದೇ ಕಷ್ಟ. ಅದ್ಭುತಕಥೆಗೆ ಊರು ಬೇಕಿಲ್ಲ. 'ಒಂದಾನೊಂದು ಕಾಲದಲ್ಲಿ' ಎಂದರೆ ಸಾಕು. 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭವಾಗಿ ಮುಂದೆ ಕನ್ನಡಕ್ಕೂ ಬಂದ 'ಚಂದಮಾಮ'ದ ಬೇತಾಳವು ಪ್ರತಿ ಕಥೆಯ ಕೊನೆಗೆ ಮರವೇರುತ್ತಿತ್ತು; ಮುಂದಿನ ಸಂಚಿಕೆಗೆ ದಾರಿ ತಾನಾಗಿಯೇ ತೆರೆಯುತ್ತಿತ್ತು. ಐತಿಹ್ಯಕ್ಕೆ ಈ ಸೌಕರ್ಯವಿಲ್ಲ. ಅದಕ್ಕೆ ಊರು, ಕುಲ, ಕಸುಬು, ದೈವಗಳು ಬೇಕು. ಹೇಳುವವರು ಅದನ್ನು ನಡೆದದ್ದೆಂದೇ ಹೇಳುತ್ತಾರೆ.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯನ್ನು ನೋಡಬಹುದು. ಸುಂಗುಡಿ ಸೀರೆಗೆ ಹೆಸರಾದ ಈ ಊರಿನ ನೇಕಾರರಲ್ಲಿ ಕನ್ನಡ ಮನೆಮಾತಿನ ದೇವಾಂಗರಿದ್ದಾರೆ. ಓದುಬರಹ ತಮಿಳಿನದು, ಕನ್ನಡ ಉಳಿದಿರುವುದು ಬಹುಮಟ್ಟಿಗೆ ನಾಲಗೆಯ ಮೇಲೆ.

ದೇವಾಂಗರ ಕುಲಕಥೆ ಬಟ್ಟೆಯಿಂದಲೇ ಆರಂಭವಾಗುತ್ತದೆ. ಲೋಕಕ್ಕೆ ಉಡುಗೆಯಿಲ್ಲ. ಅದನ್ನು ನೇಯಲೆಂದು ಶಿವನಿಂದ ದೇವಲನು ಹುಟ್ಟುತ್ತಾನೆ. ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲನ್ನು ತರುತ್ತಾನೆ. ಮರಳುವ ದಾರಿಯಲ್ಲಿ ದಾನವರು ಅಡ್ಡಗಟ್ಟುತ್ತಾರೆ. ದೇವಲನ ಮೊರೆಗೆ ಓಗೊಟ್ಟು ಸಿಂಹವಾಹಿನಿಯಾದ ಚೌಡೇಶ್ವರಿ ಬಂದು ಅವರನ್ನು ಕೊಲ್ಲುತ್ತಾಳೆ. ಸತ್ತ ಐವರು ದಾನವರ ನೆತ್ತರು ಐದು ಬಣ್ಣದ್ದು. ದೇವಲನು ನೂಲನ್ನು ಅದರಲ್ಲಿ ಅದ್ದುತ್ತಾನೆ. ಬಣ್ಣದ ತೊಟ್ಟಿಯ ಮುಂದೆ ದಿನ ಕಳೆಯುವ ಕುಲಕ್ಕೆ ಬಣ್ಣ ಎಲ್ಲಿಂದ ಬಂತೆಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಈ ಕಥೆಯ ಒಂದು ಪಾಠವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅಲ್ಲಿ ಒಬ್ಬ ದಾನವನ ಹೆಸರು 'ಪುಗೈನೇತ್ರನ್', ಹೊಗೆಗಣ್ಣಿನವನು. 'ನೇತ್ರ' ಸಂಸ್ಕೃತ, 'ಪುಗೈ' ತಮಿಳು. ಪಕಾರವು ಹಕಾರವಾಗುವ ನಿಯಮವನ್ನು ಓದಿದ ವಿದ್ಯಾರ್ಥಿಗೆ 'ಪುಗೈ' ಎಂಬುದು ಕನ್ನಡದ 'ಹೊಗೆ'ಯ ಒಡಹುಟ್ಟೆಂದು ಒಡನೆಯೇ ತಿಳಿಯುತ್ತದೆ. ಕುಲಪುರಾಣವು ತಮಿಳು ನೆಲದ ಮಾತನ್ನು ಹೇಗೆ ಮೈಗೂಡಿಸಿಕೊಂಡಿತೆಂಬುದಕ್ಕೆ ಆ ಒಂದು ಹೆಸರೇ ಸಾಕ್ಷಿ.

ಅಂಕಣಕಾರ ಎಡವುವುದು ಇಲ್ಲಿಯೇ. 'ಪುಗೈನೇತ್ರನ್' ಅಶುದ್ಧವೆನಿಸಿ 'ಧೂಮ್ರಾಕ್ಷ'ನೆಂದು ತಿದ್ದುವ ಆಸೆ ಹುಟ್ಟುತ್ತದೆ. ತಿದ್ದಿದರೆ ವಾಕ್ಯವೇನೋ ಸೊಗಸಾಗುತ್ತದೆ, ಆದರೆ ಸಾಕ್ಷಿ ಅಳಿಯುತ್ತದೆ. ಬಾಯ್ದೆರೆಯ ಕನ್ನಡದಲ್ಲಿ ಮಾತ್ರ ಬದುಕಿರುವ ಕಥೆಯೊಂದು ಮೊದಲ ಬಾರಿ ಅಚ್ಚಾಗುವಾಗ ನಡೆದ ಇಂಥ ತಿದ್ದುಪಡಿಯನ್ನು ಸರಿಪಡಿಸುವುದು ಸುಲಭವಲ್ಲ. ಅಚ್ಚಿನ ಪಾಠವನ್ನೇ ಮೊಮ್ಮಕ್ಕಳು ಹಿರಿಯರಿಗೆ ಓದಿ ಹೇಳುವ ಕಾಲ ಬರುತ್ತದೆ. ಆದುದರಿಂದ ಕಥೆಯೊಡನೆ ಅದನ್ನು ಕೇಳಿದ ಊರು, ಸಂದರ್ಭ, ಹೇಳಿದವರ ನುಡಿರೂಪಗಳನ್ನು ಬರೆದಿಡಬೇಕು. ಹೇಳಿದವರು ಒಪ್ಪಿದರಷ್ಟೇ ಅವರ ಹೆಸರು.

ನಿಯತಕಾಲಿಕದ ಲಾಭವೂ ಇಲ್ಲಿಯೇ ಇದೆ. ಪುಸ್ತಕಕ್ಕೆ ಒಂದು ಪಾಠವನ್ನು ಆರಿಸಿಕೊಳ್ಳುವ ಅವಸರವಿರುತ್ತದೆ, ಸಂಚಿಕೆಗೆ ಆ ಅವಸರವಿಲ್ಲ. ಈ ತಿಂಗಳು ನೂಲಿನ ಕಥೆ ಬಂದರೆ, ಮುಂದಿನ ತಿಂಗಳು ಉತ್ಸವದಲ್ಲಿ ದೇವಾಂಗ ಯುವಕರು ಕತ್ತಿಯಿಂದ ಎದೆಗೆ ಹೊಡೆದುಕೊಂಡು ದೇವಿಯನ್ನು ಕರೆತರುವ ಆಚರಣೆಯ ವಿವರ ಬರಬಹುದು. ಅದರಾಚೆಗೆ ಕರ್ನಾಟಕದ ದೇವಾಂಗರು ಬಾದಾಮಿಯ ಬನಶಂಕರಿಗೆ ನಡೆದುಕೊಳ್ಳುವುದರ ಕಥೆ. ನಡುವೆ ಓದುಗರೊಬ್ಬರು 'ನಮ್ಮ ಮನೆಯಲ್ಲಿ ಬೇರೆಯೇ ಹೇಳುತ್ತಾರೆ' ಎಂದು ಬರೆದರೆ, ಆ ಬೇರೆ ಪಾಠವೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚಾಗಬೇಕು.