ನಾಣ್ಯ ಸಂಗ್ರಹ: ಲಾಕರೋ, ಮನೆಯೋ?

ಪುತ್ತೂರು: ಅಜ್ಜನ ಕಾಲದ ಕಂಪನಿ ರೂಪಾಯಿ, ತಾಮ್ರದ ಕಾಲಾಣೆಗಳಿಗೆ ಬ್ಯಾಂಕ್ ಲಾಕರೇ ಸುರಕ್ಷಿತ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ ಮಾತ್ರ.

2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 2,000 ರೂ. ಇದ್ದಲ್ಲಿ ದೊರೆಯುವುದು 2 ಲಕ್ಷ ರೂ.; ಒಳಗಿನ ನಾಣ್ಯಗಳ ಬೆಲೆ ಎಷ್ಟೇ ಇರಲಿ. ನೆರೆ, ಸಿಡಿಲಿನಂತಹ ಪ್ರಕೃತಿ ವಿಕೋಪದ ಹಾನಿಗೆ ಬ್ಯಾಂಕ್ ಹೊಣೆಯಲ್ಲ. ಲಾಕರಿನಲ್ಲಿ ನಗದು ಇಡುವಂತೆಯೂ ಇಲ್ಲ. ಆದ್ದರಿಂದ ಈಗಲೂ ಚಲಾವಣೆಯಲ್ಲಿರುವ ನಾಣ್ಯಗಳಿದ್ದರೆ ಶಾಖೆಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಮನೆಯಲ್ಲಾದರೆ ಕಳ್ಳರ ಭಯ. ಆದರೆ ಪುತ್ತೂರು, ಸುಳ್ಯ, ಕಡಬದ ಮಳೆಗಾಲದಲ್ಲಿ ತೇವವೂ ಕಳ್ಳನೇ. ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ, ಬೆಳ್ಳಿ ಕಪ್ಪಾಗುತ್ತದೆ, ಪಿವಿಸಿ ಚೀಲಗಳಿಂದ ಹಸಿರು ಅಂಟು ಇಳಿಯುತ್ತದೆ. ವರ್ಷಕ್ಕೊಮ್ಮೆ ಲಾಕರ್ ತೆರೆಯುವವರಿಗೆ ಇದು ತಿಳಿಯುವಾಗ ತಡವಾಗಿರುತ್ತದೆ. ಹುಣಸೆಹುಳಿ ಹಾಕಿ ಉಜ್ಜಿದರಂತೂ ನಾಣ್ಯದ ಬೆಲೆಯೇ ಇಳಿದುಹೋಗುತ್ತದೆ.

ಹೀಗಾಗಿ ಚಿನ್ನ ಹಾಗೂ ಅಪರೂಪದ ಬೆಳ್ಳಿ ನಾಣ್ಯಗಳನ್ನಷ್ಟೇ ಲಾಕರಿಗೆ ಒಯ್ದು, ಉಳಿದವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಸಹಿತ ಮನೆಯಲ್ಲೇ ಇಟ್ಟು ಆಗಾಗ ಪರಿಶೀಲಿಸುವುದು ಸೂಕ್ತ. ಪ್ರತಿ ನಾಣ್ಯದ ಛಾಯಾಚಿತ್ರ ಮತ್ತು ತೂಕದ ಪಟ್ಟಿ ಬೇರೊಂದೆಡೆ ಇರಬೇಕು. ಲಾಕರಿನಲ್ಲಿ ಏನಿತ್ತೆಂಬ ದಾಖಲೆ ಬ್ಯಾಂಕಿನ ಬಳಿ ಇರುವುದಿಲ್ಲ.