ಆ ಹನ್ನೊಂದರಲ್ಲಿ ಯಾರ ಹೆಸರು ಕೆತ್ತಬೇಕು?



ಜಾವಗಲ್ ಅನ್ನೋ ನಮ್ಮ ಜಿಲ್ಲೆಯ ಊರಿನ ಹೆಸರು ಹೊತ್ತ ಶ್ರೀನಾಥ್ ಯಾರಿಗೆ ಗೊತ್ತಿಲ್ಲ? ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಬಿ.ಪಿ. ಗೋವಿಂದ ಯಾರು ಅಂತ ಕೇಳಿ ನೋಡಿ. ನಮ್ಮ ತರಗತಿಯಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ನಮ್ಮ ಅರಕಲಗೂಡು ತಾಲ್ಲೂಕಿನ ಗಡಿ ದಾಟಿದರೆ ಸಿಗೋದೇ ಅವರ ಸೋಮವಾರಪೇಟೆ ಸೀಮೆ! ಅದಕ್ಕೇ ಈ ಲೇಖನ.

ಕೆಲವು ಆಟಗಳಲ್ಲಿ 'ಹಾಲ್ ಆಫ್ ಫೇಮ್' ಅಂತ ಒಂದು ಗೌರವ ಇದೆ. ಅಂದರೆ ಕೀರ್ತಿವಂತರ ಸಾಲು. ಆಟ ಬಿಟ್ಟ ಮೇಲೂ ಹೆಸರು ಅಳಿಸಿಹೋಗಬಾರದು ಅಂತ ಆ ಸಾಲಿಗೆ ಸೇರಿಸುತ್ತಾರೆ. ಕ್ರಿಕೆಟ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ ಅವರಿಗೆ 2015ರಲ್ಲಿ ಈ ಗೌರವ ಸಿಕ್ಕಿತು. ಇಂಥದೇ ಒಂದು ಸಾಲನ್ನು 1975ರ ಹಾಕಿ ತಂಡಕ್ಕೆ ಮಾಡಿದರೆ ಯಾರು ಯಾರನ್ನು ಸೇರಿಸಬೇಕು?

ಆ ತಂಡವೇ ಏಕೆ ಅಂದರೆ, ಭಾರತದ ಪುರುಷರು ಹಾಕಿ ವಿಶ್ವಕಪ್ಪನ್ನು ಗೆದ್ದದ್ದು ಆ ಒಂದೇ ಸಲ. 1971ರಲ್ಲಿ ಕಂಚು, 1973ರಲ್ಲಿ ಬೆಳ್ಳಿ, 1975ರ ಮಾರ್ಚ್ 15ರಂದು ಮಲೇಷ್ಯಾದ ಕೌಲಾಲಂಪುರದಲ್ಲಿ ಚಿನ್ನ. ಆಮೇಲೆ 2023ರವರೆಗೆ ನಡೆದ ಯಾವ ವಿಶ್ವಕಪ್ಪಿನಲ್ಲೂ ಮತ್ತೆ ಗೆದ್ದಿಲ್ಲ.

ಗೋಲು ಹೊಡೆದವರನ್ನೇ ಆರಿಸಿದರೆ ಸಾಲದು ಎನ್ನುವುದು ನನ್ನ ವಾದ. ಗೋಲಿನ ಲೆಕ್ಕ ಸುಲಭ, ಯಾರು ಬೇಕಾದರೂ ಎಣಿಸಬಹುದು. ನಾನು ಎರಡು ಪ್ರಶ್ನೆ ಇಟ್ಟುಕೊಂಡೆ. ಒಂದು, ಇವರಿಲ್ಲದಿದ್ದರೆ ಕಪ್ ಬರುತ್ತಿತ್ತೇ? ಎರಡು, ಕಷ್ಟದ ಹೊತ್ತಿನಲ್ಲಿ ಇವರು ಏನು ಮಾಡಿದರು? ಈಗ ನನ್ನ ಪಟ್ಟಿ ನೋಡಿ.

1. ಅಜಿತ್‌ಪಾಲ್ ಸಿಂಗ್: ತಂಡದ ನಾಯಕ. ಸೆಂಟರ್ ಹಾಫ್, ಅಂದರೆ ಮೈದಾನದ ನಡುವೆ ನಿಂತು ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುವವರು. ಮನೆಗೆ ನಡುಗಂಬ ಇದ್ದ ಹಾಗೆ. 1971, 1973, 1975 ಮೂರೂ ವಿಶ್ವಕಪ್ ಆಡಿದರು.

2. ಅಸ್ಲಂ ಶೇರ್ ಖಾನ್: ಸೆಮಿಫೈನಲ್‌ನಲ್ಲಿ ಮಲೇಷ್ಯಾ ಎದುರು ನಾವು 1-2ರಿಂದ ಹಿಂದೆ ಇದ್ದೆವು. ಆಟ ಮುಗಿಯಲು ಕೆಲವೇ ನಿಮಿಷ. ಆಗ ಹೊರಗೆ ಕೂತಿದ್ದ ಅಸ್ಲಂ ಅವರನ್ನು ಒಳಗೆ ಕಳಿಸಿದರು. ಪೆನಾಲ್ಟಿ ಕಾರ್ನರ್ ಸಿಕ್ಕಿತು. ಕೊರಳಲ್ಲಿದ್ದ ತಾಯಿತಕ್ಕೆ ಮುತ್ತಿಟ್ಟು ಹೊಡೆದರು ನೋಡಿ, ಗೋಲು! ಆಮೇಲೆ ಹೆಚ್ಚುವರಿ ಸಮಯದಲ್ಲಿ ಹರ್‌ಚರಣ್ ಸಿಂಗ್ ಮೂರನೇ ಗೋಲು ಹೊಡೆದು ಗೆಲ್ಲಿಸಿದರು. ಅಸ್ಲಂ ಅವರ ಆ ಒಂದು ಏಟು ಇಲ್ಲದಿದ್ದರೆ ಫೈನಲ್ ಎಲ್ಲಿಂದ ಬರಬೇಕು?

3. ಸುರ್ಜಿತ್ ಸಿಂಗ್: ಫೈನಲ್‌ನಲ್ಲಿ ಪಾಕಿಸ್ತಾನ ಮೊದಲು ಗೋಲು ಹೊಡೆಯಿತು. ಅದನ್ನು ಪೆನಾಲ್ಟಿ ಕಾರ್ನರ್‌ನಲ್ಲಿ ಸರಿಗಟ್ಟಿದವರು ಇವರು. ಗೋಲು ಕಾಯುವ ಫುಲ್ ಬ್ಯಾಕ್ ಕೂಡ ಇವರೇ. 1984ರ ಜನವರಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು 1998ರಲ್ಲಿ, ಅಂದರೆ ಸತ್ತು ಹದಿನಾಲ್ಕು ವರ್ಷದ ಮೇಲೆ. ಬದುಕಿದ್ದಾಗಲೇ ಕೊಟ್ಟಿದ್ದರೆ ಅವರೂ ನೋಡುತ್ತಿದ್ದರಲ್ಲವೇ?

4. ಅಶೋಕ್ ಕುಮಾರ್: ಹಾಕಿ ಮಾಂತ್ರಿಕ ಧ್ಯಾನ್‌ಚಂದ್ ಅವರ ಮಗ. ಫೈನಲ್‌ನಲ್ಲಿ ಗೆಲುವಿನ ಗೋಲು ಇವರದು. ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಬಂತು. ಗೋಲಲ್ಲ ಅಂತ ಪಾಕಿಸ್ತಾನದವರು ಜಗಳ ತೆಗೆದರು. ಅಂಪೈರ್ ಗೋಲು ಎಂದೇ ಹೇಳಿದರು. ನಾವು 2-1ರಿಂದ ಗೆದ್ದೆವು.

5. ಬಿ.ಪಿ. ಗೋವಿಂದ: ಇವರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. 1973ರ ಫೈನಲ್ ಹಾಲೆಂಡ್ ಎದುರು. ನಮ್ಮ ನಾಯಕರು ಕೊಡಗಿನವರೇ ಆದ ಎಂ.ಪಿ. ಗಣೇಶ್. ಆಟ 2-2 ಸಮ ಆಯಿತು. ಹೆಚ್ಚುವರಿ ಸಮಯದಲ್ಲಿ ಯಾರು ಮೊದಲು ಗೋಲು ಹೊಡೆಯುತ್ತಾರೋ ಅವರೇ ಗೆದ್ದಂತೆ. ನಮಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಹೊಡೆದವರು ಗೋವಿಂದ. ಗೋಲಾಗಲಿಲ್ಲ. ಕೊನೆಗೆ ಕಪ್ ಹಾಲೆಂಡಿಗೆ ಹೋಯಿತು.

ಇಂಥ ಏಟು ತಿಂದವರು ಆಟ ಬಿಟ್ಟೇ ಹೋಗಬಹುದಿತ್ತು. ಗೋವಿಂದ ಬಿಡಲಿಲ್ಲ. ಎರಡೇ ವರ್ಷದಲ್ಲಿ ಕಪ್ ಗೆದ್ದ ತಂಡದಲ್ಲಿ ಅವರೂ ಇದ್ದರು. 1975ರ ಅರ್ಜುನ ಪ್ರಶಸ್ತಿಯೂ ಅವರಿಗೆ ಬಂತು. ಗೆದ್ದವರನ್ನು ಹೊಗಳೋದು ಸುಲಭ. ಬಿದ್ದು ಎದ್ದು ಬಂದವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಕು. ಪರೀಕ್ಷೆಯಲ್ಲಿ ಫೇಲಾಗಿ ಮನೇಲಿ ಕೂತಿರುವ ನಮ್ಮ ಊರಿನ ಅಣ್ಣ ಅಕ್ಕಂದಿರಿಗೆ ಈ ಐದನೇ ಹೆಸರೇ ಹೆಚ್ಚು ಬೇಕಾದದ್ದು ಅಂತ ನನಗನ್ನಿಸುತ್ತದೆ.

ಮೈಕೇಲ್ ಕಿಂಡೋ ಅವರನ್ನು ಯಾಕೆ ಬಿಟ್ಟೆ ಅಂತ ನೀವು ಕೇಳಬಹುದು. ಆದಿವಾಸಿ ಸಮುದಾಯದಿಂದ ಬಂದು 1972ರಲ್ಲೇ ಅರ್ಜುನ ಪ್ರಶಸ್ತಿ ಪಡೆದ ಫುಲ್ ಬ್ಯಾಕ್ ಅವರು. ಸೆಮಿಫೈನಲ್‌ನಲ್ಲಿ ಅಸ್ಲಂ ಒಳಗೆ ಬರಲು ಹೊರಗೆ ಹೋದವರು ಅವರೇ. ಐದೇ ಹೆಸರು ಅಂತ ಮೊದಲೇ ಗೆರೆ ಹಾಕಿಕೊಂಡಿದ್ದೆ. ಆರನೇ ಜಾಗ ಕೊಟ್ಟರೆ ಅದು ಕಿಂಡೋ ಅವರದು.

ಇದು ನನ್ನ ಪಟ್ಟಿ. ನಿಮ್ಮದು ಬೇರೆ ಇರಬಹುದು, ಇರಲಿ. ಐದು ಹೆಸರು ಬರೆದು, ಯಾಕೆ ಅಂತ ಒಂದೊಂದು ಸಾಲು ಸೇರಿಸಿ, ಗೋಡೆಪತ್ರಿಕೆಯ ಡಬ್ಬಕ್ಕೆ ಹಾಕಿ. ಮುಂದಿನ ಸಂಚಿಕೆಯಲ್ಲಿ ಎಲ್ಲರದೂ ಅಂಟಿಸೋಣ. ಕಾರಣ ಇಲ್ಲದ ಚೀಟಿ ಮಾತ್ರ ತೆಗೆದುಕೊಳ್ಳುವುದಿಲ್ಲ!